ಧನುರ್ಮಾಸದಲ್ಲಿ ಏಳದ ಕಾರು

ಹಳೇ ಕಾರು ಕೊಳ್ಳಬೇಕೆಂದಿರುವವರು ಅದನ್ನು ನೋಡಲು ಮಧ್ಯಾಹ್ನ ಹೋಗಬಾರದು. ಬೆಳಗಿನ ಜಾವ ಹೋಗಬೇಕು, ಅದೂ ಹೇಳದೆ ಹೋಗಬೇಕು. ಮಾರುವವನು ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಬಾಗಿಲು ತೆಗೆಯುವಷ್ಟರಲ್ಲಿ ನಿಮ್ಮ ಅಂಗೈ ಬಾನೆಟ್ಟಿನ ಮೇಲಿರಬೇಕು. ತಣ್ಣಗಿದ್ದರೆ ಮಾತು ಮುಂದುವರಿಸಿ. ಬೆಚ್ಚಗಿದ್ದರೆ, ಅವನು ನಿಮಗಿಂತ ಮೊದಲೇ ಎದ್ದು ಅದನ್ನು ಎಬ್ಬಿಸಿಟ್ಟಿದ್ದಾನೆ ಎಂದು ತಿಳಿದುಕೊಂಡು, ಕೊಟ್ಟ ಕಾಫಿ ಕುಡಿದು, ಬಂದುಬಿಡಿ.

ಈ ಬುದ್ಧಿ ನನಗೆ ಬಂದದ್ದು ಕಾರು ಕೊಂಡು ಏಳು ತಿಂಗಳಾದ ಮೇಲೆ. ನಾನು ಕೊಂಡದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ, ಬಸವನಗುಡಿಯ ಒಬ್ಬ ನಿವೃತ್ತ ಅಧಿಕಾರಿಯಿಂದ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಇಂಗ್ಲಿಷ್ ಗಾಡಿ, ಕಪ್ಪು ಬಣ್ಣ, ನಾಲ್ಕು ಬಾಗಿಲು. ಅವರು ಹೇಳಿದ ಬೆಲೆಗೆ ನಾನು ಮೂರು ಸಲ ಎದ್ದು ಹೊರಟೆ. ಮೂರು ಸಲವೂ ಅವರು ಗೇಟಿನ ತನಕ ಬಂದು ಕರೆದರು. ಎದ್ದು ಹೊರಡುವುದು ನನ್ನ ವಿದ್ಯೆ. ತಲೆಯ ಮೇಲೆ ಗಂಟು ಹೊತ್ತು ಬೀದಿಬೀದಿಯಲ್ಲಿ ದಾರ, ಗುಂಡಿ, ಲೇಸು ಮಾರುತ್ತಿದ್ದವನು ನಗರ್ತಪೇಟೆಯಲ್ಲಿ ಸಗಟು ಅಂಗಡಿ ಇಟ್ಟದ್ದು ಆ ವಿದ್ಯೆಯಿಂದಲೇ. ಮುಖದಲ್ಲಿ ಆಸೆ ಕಾಣಿಸಬಾರದು, ಕಾಲಿನಲ್ಲಿ ಅವಸರ ಕಾಣಿಸಬೇಕು. ಹತ್ತರಲ್ಲಿ ಒಂಬತ್ತು ಜನ ಹಿಂದಿನಿಂದ ಕರೆಯುತ್ತಾರೆ.

ಹತ್ತನೆಯವನು ನಮ್ಮ ಚಾಮರಾಜಪೇಟೆಯ ಜಟ್ಕಾದವನು.

ಕಾರು ಕೊಳ್ಳುವುದಕ್ಕೆ ಎರಡು ತಿಂಗಳ ಮೊದಲು ನನಗೆ ವಿಷಮಶೀತ ಜ್ವರ ಬಂದು, ಮೂರು ವಾರ ಮಲಗಿದ್ದೆ. ನಮ್ಮಮ್ಮ ಆಗ ಒಂದು ಹರಕೆ ಹೊತ್ತಿದ್ದರು. ನಾನು ಎದ್ದು ಓಡಾಡುವಂತಾದರೆ, ಮುಂದಿನ ಧನುರ್ಮಾಸದಲ್ಲಿ ಮೂವತ್ತು ದಿನವೂ, ಒಂದು ದಿನವೂ ತಪ್ಪದೆ, ಮಲ್ಲೇಶ್ವರದ ಈಶ್ವರನ ಗುಡಿಗೆ ಹೋಗಿ ಬೆಳಗಿನ ಜಾವದ ಮಂಗಳಾರತಿ ನೋಡುತ್ತೇನೆ ಎಂದು. ಚಾಮರಾಜಪೇಟೆಯಲ್ಲಿ ಗುಡಿಗಳಿಗೇನು ಬರವಿರಲಿಲ್ಲ. ಆದರೆ ಆ ಗುಡಿ ಅವರ ತವರಿನ ಬೀದಿಯದು. ಅಪಾಯ ಬಂದಾಗ ಮನುಷ್ಯರಿಗೆ ತಮ್ಮ ಬೀದಿಯ ದೇವರೇ ನೆನಪಾಗುವುದು.

ಒಂದು ದಿನ ತಪ್ಪಿದರೂ ಹರಕೆ ಮುರಿದಂತೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರುಮಾಡಬೇಕು. ಅಮ್ಮನ ಮಂಡಿಗಳು ಆಗಲೇ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತಿದ್ದವು. "ಮುಂದಿನ ವರ್ಷಕ್ಕೆ ಈ ಮಂಡಿ ನನ್ ಮಾತು ಕೇಳುತ್ತೋ ಇಲ್ವೋ. ಈ ಸಲಾನೇ ಆಗ್ಬೇಕು ಕಣೋ," ಎಂದಿದ್ದರು.

ಧನುರ್ಮಾಸಕ್ಕೆ ಹದಿನೈದು ದಿನ ಇರುವಾಗ ಜಟ್ಕಾದವನನ್ನು ಮಾತಾಡಿಸಿದೆ. ಕಾರಿತ್ತು ನಿಜ, ಆದರೆ ದಿನಾ ಅಷ್ಟು ದೂರ ಪೆಟ್ರೋಲು ಸುಡುವುದಕ್ಕೆ ನನ್ನ ಕೈ ಬರಲಿಲ್ಲ. ಅವನು ತಿಂಗಳಿಗೆ ಒಂದು ಬಾಡಿಗೆ ಹೇಳಿದ. ನಾನು ಅರ್ಧ ಕೇಳಿದೆ.

"ಸಾವ್ಕಾರ್ರೇ, ನಾಲ್ಕು ಗಂಟೆಗೆ ಏಳೋದು ನಾನು ಮಾತ್ರ ಅಲ್ಲ, ಕುದುರೇನೂ ಏಳ್ಬೇಕು. ಅದ್ಕೇನು ಹರಕೆ ಇಲ್ವಲ್ಲ," ಎಂದ.

ನಾನು ಎದ್ದು ಹೊರಟೆ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಅವನು ಕರೆಯಲಿಲ್ಲ. ಮೂಲೆಯ ತನಕ ನಡೆದು, ಚಪ್ಪಲಿಯ ಉಂಗುಷ್ಠ ಸರಿಮಾಡುವ ನೆಪದಲ್ಲಿ ಬಗ್ಗಿ ಹಿಂದೆ ನೋಡಿದೆ. ಅವನು ಬೀಡಿ ಹಚ್ಚುತ್ತಿದ್ದ. ವಾಪಸು ಹೋಗುವುದು ಹೇಗೆ? ಅಲ್ಲಿಂದಲೇ ಕೂಗಿ ಹೇಳಿದೆ: "ನಮ್ ಮನೇಲಿ ಕಾರಿದೆ ಕಣಯ್ಯ, ಅದ್ರಲ್ಲೇ ಹೋಗ್ತೀವಿ!"

"ಹೋಗ್ಬನ್ನಿ ಸಾಮಿ, ಚಳೀಗಾಲದಲ್ಲಿ ಎದ್ರೆ!" ಎಂದು ಅವನೂ ಕೂಗಿದ.

ಆ ಕಾರು ಮಳೆಗಾಲವಿಡೀ ಚೆನ್ನಾಗಿತ್ತು. ಆಯುಧಪೂಜೆ ಕಳೆದ ಮೇಲೆ ಬೆಳಿಗ್ಗೆ ಏಳುವುದಕ್ಕೆ ಸ್ವಲ್ಪ ಗೊಣಗತೊಡಗಿತ್ತು. ಚಳಿ ಶುರುವಾಯಿತಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ನೋಡಿ, ಅಲ್ಲೇ ನಾನು ಎಡವಿದ್ದು. ಒಂದು ಕಾರಣ ಸಿಕ್ಕಿದ ಕೂಡಲೇ ಇನ್ನೊಂದನ್ನು ಹುಡುಕುವುದು ನಿಲ್ಲಿಸಿಬಿಡುತ್ತೇವೆ. ಅಂಗಡಿಗೆ ಬಂದ ಮೊದಲನೇ ಗಿರಾಕಿಗೇ ಎಲ್ಲ ಮಾಲನ್ನೂ ಕೊಟ್ಟುಬಿಡುವ ಹಾಗೆ.

ಧನುರ್ಮಾಸದ ಮೊದಲ ದಿನ ನಾಲ್ಕೂವರೆಗೆ ಅಮ್ಮ ಸ್ನಾನ ಮಾಡಿ, ಮಡಿಸೀರೆಯ ಮೇಲೆ ಶಾಲು ಹೊದ್ದು, ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಹಿಡಿದು ಕೂತರು. ನಾನು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿದೆ. ಎಂಜಿನ್ನು ನಿಟ್ಟುಸಿರು ಬಿಟ್ಟಿತು, ಅಷ್ಟೇ. ಚೋಕ್ ಎಳೆದು ತಿರುಗಿಸಿದೆ. ಚೋಕ್ ಎಂದರೆ ಗಾಳಿಯ ಬಾಯಿ ಮುಚ್ಚಿ ಪೆಟ್ರೋಲನ್ನು ಹೆಚ್ಚಾಗಿ ಎಳೆಯುವ ಗುಂಡಿ. ತಣ್ಣಗಿರುವ ಎಂಜಿನ್ನಿಗೆ ಅದು ಬೇಕು. ಇಪ್ಪತ್ತು ಸುತ್ತಿನ ಮೇಲೆ ನನ್ನ ಮೈ ಬೆಚ್ಚಗಾಯಿತೇ ಹೊರತು ಎಂಜಿನ್ನಿನದಲ್ಲ. ಕೊನೆಗೆ ಅಮ್ಮ ಸ್ನಾನದ ಹಂಡೆಯಲ್ಲಿ ಉಳಿದಿದ್ದ ಬಿಸಿನೀರು ನೆನಪಿಸಿದರು. ಎರಡು ಚೊಂಬು ರೇಡಿಯೇಟರಿಗೆ ಹೊಯ್ದು, ಗಾಳಿ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಬಾಯಿಗೆ ಒಂದು ಚಮಚ ಪೆಟ್ರೋಲು ಬಿಟ್ಟು ತಿರುಗಿಸಿದಾಗ, ಡಬ್ ಎಂದು ಎದ್ದಿತು. ಮಂಗಳಾರತಿ ಸಿಕ್ಕಿತು.

ಅಲ್ಲಿಂದ ನಮ್ಮ ಮನೆಯಲ್ಲಿ ದಿನಾ ಎರಡು ಪೂಜೆ. ಹಿಂದಿನ ಸಂಜೆ ಬಾನೆಟ್ಟಿಗೆ ಕಂಬಳಿ ಹೊದಿಸುವುದು. ಬೆಳಿಗ್ಗೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಇದ್ದಿಲು ಒಲೆಯ ಪಕ್ಕದಲ್ಲಿ ಹಪ್ಪಳದಂತೆ ಬೆಚ್ಚಗೆ ಮಾಡಿ ಮತ್ತೆ ಕೂರಿಸುವುದು. ಹಂಡೆಯ ನೀರು. ಚಮಚದ ಪೆಟ್ರೋಲು. ಇಷ್ಟಾದ ಮೇಲೆ ಐದರಿಂದ ಐವತ್ತರ ತನಕ ಎಷ್ಟು ಸುತ್ತು ಬೇಕಾದರೂ ಆಗಬಹುದು. ಒಂಬತ್ತನೆಯ ದಿನ ಚಮಚದಲ್ಲಿ ಸ್ವಲ್ಪ ಹೆಚ್ಚೇ ಹೊಯ್ದು, ಒಳಗೇನಾಯಿತೆಂದು ಬಗ್ಗಿ ನೋಡುತ್ತಿದ್ದಾಗ ಎಂಜಿನ್ನು ಹಿಂದಕ್ಕೆ ಸೀನಿತು. ನನ್ನ ಮೀಸೆಯ ಎಡಭಾಗ ಹೋಯಿತು. ಈ ಚಮಚದ ವಿದ್ಯೆಯನ್ನು ಯಾರೂ ಮಾಡಬೇಡಿ. ಮಾಡಲೇಬೇಕೆಂದರೆ ಮುಖ ಆಚೆ ಇಡಿ. ನಾನು ಬಲಭಾಗವನ್ನೂ ಬೋಳಿಸಿಕೊಂಡು ಅಂಗಡಿಗೆ ಹೋದೆ. ಗಿರಾಕಿಗಳು ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದು ಪಾಪ ಚೌಕಾಶಿ ಮಾಡದೆ ತೆಗೆದುಕೊಂಡು ಹೋದರು.

ಇಷ್ಟರ ನಡುವೆ ಜಟ್ಕಾದವನ ಕಾಟ. ಅವನಿಗೆ ಬೇರೆ ಬಾಡಿಗೆ ಸಿಕ್ಕಿತ್ತು, ಹೂವಿನ ಮೂಟೆಗಳನ್ನು ಮಾರ್ಕೆಟ್ಟಿನಿಂದ ಸಾಗಿಸುವುದು. ದಿನಾ ಬೆಳಿಗ್ಗೆ ನಾನು ಹ್ಯಾಂಡಲ್ ಹಿಡಿದು ಬೆವರುತ್ತಿರುವ ಹೊತ್ತಿಗೆ ಸರಿಯಾಗಿ ಗಾಡಿ ನಿಧಾನ ಮಾಡುತ್ತಿದ್ದ.

"ಏನ್ ಸಾವ್ಕಾರ್ರೇ, ಇನ್ನೂ ಎದ್ದಿಲ್ವಾ ನಿಮ್ ಕುದುರೆ?"

"ಏಳುತ್ತೆ, ನೀನು ಹೋಗಯ್ಯ."

"ಒಂದು ಬೊಗಸೆ ಹುರುಳಿ ಹಾಕ್ನೋಡಿ. ನಮ್ದು ಹಂಗೇ ಏಳೋದು."

ಹಿಂದಿನ ಸೀಟಿನಿಂದ ಅಮ್ಮನ ನಗು ಕೇಳಿಸುತ್ತಿತ್ತು. ಹರಕೆ ಅವರದು, ಬೆವರು ನನ್ನದು, ತಮಾಷೆ ಅವನದು.

ಮೋಟಾರು ಮೇಸ್ತ್ರಿಯನ್ನು ಕರೆಸಲಿಲ್ಲವೇ ಎಂದು ನೀವು ಕೇಳಬಹುದು. ಕರೆಸಿದೆ, ಮೂರು ಸಲ. ಅವರು ಕಸಬು ಬಲ್ಲ ಹಿರಿಯರು, ಕೈ ತೊಳೆಯದೆ ಎಂಜಿನ್ನು ಮುಟ್ಟುತ್ತಿರಲಿಲ್ಲ. ಬಾನೆಟ್ಟು ಎತ್ತಿ, ಕಾರ್ಬುರೇಟರಿನ ಪಕ್ಕದಲ್ಲಿರುವ ಪೆಟ್ರೋಲಿನ ಬಟ್ಟಲಿನ ಮುಚ್ಚಳ ತೆಗೆಯುತ್ತಿದ್ದರು. ಆ ಗಾಡಿಯಲ್ಲಿ ಟ್ಯಾಂಕು ಮೇಲಿತ್ತು. ಅಲ್ಲಿಂದ ಪೆಟ್ರೋಲು ಕೊಳವೆಯಲ್ಲಿ ತಾನಾಗಿಯೇ ಇಳಿದು ಆ ಬಟ್ಟಲಲ್ಲಿ ತುಂಬಿಕೊಳ್ಳುತ್ತದೆ, ಬಟ್ಟಲಿನಿಂದ ಎಂಜಿನ್ನಿಗೆ ಹೋಗುತ್ತದೆ. ಮೇಸ್ತ್ರಿ ಬಟ್ಟಲು ಒರೆಸಿ, ಪೆಟ್ರೋಲು ಎಂಜಿನ್ನಿಗೆ ಚಿಮ್ಮುವ ಜೆಟ್ಟನ್ನು ಊದಿ, ಮುಚ್ಚಳ ಹಾಕಿ, ಒಂದೇ ಸುತ್ತಿಗೆ ಎಬ್ಬಿಸಿ ತೋರಿಸುತ್ತಿದ್ದರು. "ನೋಡಿ ಸಾವ್ಕಾರ್ರೇ, ಏನೂ ಇಲ್ಲ." ಅವರೆದುರಿಗೆ ಅದು ಹೂವಿನಂತೆ ಏಳುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಕಲ್ಲು.

ಆ ಮುಚ್ಚಳದ ಮೇಲೆ ದಪ್ಪಗೆ ಗಂಧ, ಕುಂಕುಮ, ಅಕ್ಷತೆ ಅಂಟಿಕೊಂಡಿತ್ತು. ಮೇಸ್ತ್ರಿ ಅದನ್ನು ಅಳಿಸದಂತೆ ಅಂಚಿನಲ್ಲಿ ಹಿಡಿದು ತೆಗೆಯುತ್ತಿದ್ದರು, ಹಾಗೇ ಹುಷಾರಾಗಿ ಇಡುತ್ತಿದ್ದರು. "ಅಮ್ಮಾವ್ರು ಇಟ್ಟಿದ್ದಲ್ವಾ, ನಾವು ಕೈ ಹಚ್ಬಾರ್ದು," ಎಂದರು ಒಮ್ಮೆ. ಎಂಥ ಮರ್ಯಾದಸ್ಥರು ಎಂದು ನಾನು ಮೆಚ್ಚಿಕೊಂಡೆ.

ಇನ್ನೊಂದು ಸೂಚನೆಯೂ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಗುಡಿಯಿಂದ ಬಂದ ಮೇಲೆ ಕಾರನ್ನು ಅಂಗಳದ ಬಿಸಿಲಿನಲ್ಲೇ ಬಿಟ್ಟೆ. ಮಧ್ಯಾಹ್ನ ನೋಡಿದರೆ ಬಾನೆಟ್ಟು ಮುಟ್ಟಲಾರದಷ್ಟು ಕಾದಿದೆ, ಎಂಜಿನ್ನು ಮಾತ್ರ ಏಳಲೊಲ್ಲದು. ಬಿಸಿಲಿಗೆ ಕಾದ ಗಾಡಿಗೆ ಯಾವ ಚಳಿ? ಆಗಲೇ ನಾನು ಯೋಚಿಸಬೇಕಿತ್ತು. ಯೋಚಿಸದೆ, "ಬೆಳಗಿನ ಚಳಿ ಒಳಗೆ ಕೂತುಬಿಟ್ಟಿದೆ" ಎಂದು ಎಲ್ಲರಿಗೂ ವಿವರಿಸಿದೆ. ತಿಳಿಯದ್ದನ್ನು ಧೈರ್ಯವಾಗಿ ವಿವರಿಸುವ ಗುಣ ನನಗೆ ಮೊದಲಿನಿಂದಲೂ ಇದೆ.

ಇಪ್ಪತ್ತೆರಡನೆಯ ದಿನ ನಿಜವಾಗಿ ಕೈಕೊಟ್ಟಿತು. ಹಂಡೆಯ ನೀರು ಮುಗಿಯಿತು, ಪ್ಲಗ್ಗು ಎರಡು ಸಲ ಕಾಯಿಸಿದ್ದಾಯಿತು, ನನ್ನ ಭುಜ ಬಿದ್ದುಹೋಯಿತು. ಅಮ್ಮ ನಗುವುದನ್ನು ನಿಲ್ಲಿಸಿ, ಬುಟ್ಟಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅಷ್ಟು ಹೊತ್ತಿಗೆ ಹಾಲಿನವರು ಇಬ್ಬರು ಸೈಕಲ್ ನಿಲ್ಲಿಸಿ ಹಿಂದಿನಿಂದ ತಳ್ಳಿದರು. ಬೀದಿಯ ಕೊನೆಯಲ್ಲಿ ಕೆಮ್ಮುತ್ತ ಎದ್ದಿತು. ನಾನು ದಾರಿಯಲ್ಲಿ ಹೇಗೆ ಓಡಿಸಿದೆನೆಂದು ಹೇಳುವುದಿಲ್ಲ. ಗುಡಿಗೆ ಹೋದಾಗ ಆರತಿಯ ತಟ್ಟೆ ಇಳಿಯುತ್ತಿತ್ತು. ಅಮ್ಮ ಓಡಲಾರದವರು, ಮಂಡಿ ಹಿಡಿದುಕೊಂಡೇ ಓಡಿದರು. ಜ್ವಾಲೆ ಕಂಡಿತು, ಅಷ್ಟೇ.

ಹಿಂದಿರುಗುವಾಗ ಅಮ್ಮ ಹೇಳಿದರು: "ಇನ್ನು ಎಂಟು ದಿನ ಇದೆ. ನಂಗೆ ನಿನ್ ಕಾರಿನ ಮೇಲೆ ನಂಬ್ಕೆ ಇಲ್ಲ. ನಾಳೆಗೆ ಜಟ್ಕಾ ಹೇಳ್ತೀನಿ."

"ಅವ್ನಿಗಾ? ಅಮ್ಮ, ನನ್ ಮರ್ಯಾದೆ..."

"ನಿನ್ ಮರ್ಯಾದೆಗೆ ನಾನು ಹರಕೆ ಹೊತ್ತಿಲ್ಲ. ನಿನ್ ಜೀವಕ್ಕೆ ಹೊತ್ತಿದ್ದು."

ಮನೆಗೆ ಬಂದ ಕೂಡಲೇ ಅವರು ಕೆಲಸದವಳ ಕೈಯಲ್ಲಿ ಜಟ್ಕಾದವನಿಗೆ ಹೇಳಿಕಳಿಸಿದರು. ಅವನು ಕೇಳಿದಷ್ಟಕ್ಕೇ ಒಪ್ಪಿದರು. ಅದು ನನ್ನ ಭುಜಕ್ಕಿಂತ ಹೆಚ್ಚು ನೋಯಿಸಿತು.

ಅವತ್ತು ಅಂಗಡಿಯನ್ನು ಗುಮಾಸ್ತರಿಗೆ ಬಿಟ್ಟು, ಕಾರ್ಬುರೇಟರನ್ನೇ ಬದಲಾಯಿಸಿಬಿಡುತ್ತೇನೆಂದು ಹೊರಟೆ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗಳ ಸಾಲು ದಾಟಿದರೆ ಒಂದು ಸಂದಿ. ಅದರ ಕೊನೆಯಲ್ಲಿ ಹಳೇ ಮೋಟಾರು ಸಾಮಾನುಗಳ ಗುಜರಿ. ಅಂಗಡಿಯವರು ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಮುದುಕರು. ರಾಶಿಯಲ್ಲಿ ಕೈಯಾಡಿಸಿ, ನನ್ನ ಗಾಡಿಯದೇ ಜಾತಿಯ ಕಾರ್ಬುರೇಟರೊಂದನ್ನು ತೆಗೆದು ಮುಂದಿಟ್ಟು ಬೆಲೆ ಹೇಳಿದರು. ನನಗೆ ಅದು ಬೇಕೇ ಬೇಕಾಗಿತ್ತು. ಹಾಗಾಗಿ ಮುಖ ಸಿಂಡರಿಸಿದೆ.

ಹಳೇ ಮಾಲು ಕೊಳ್ಳುವಾಗ ಮೊದಲು ಊನ ಹುಡುಕಬೇಕು. ನಾನು ತಿರುಗಿಸಿ, ಬೆಳಕಿಗೆ ಹಿಡಿದು ಹುಡುಕಿದೆ. ಬಟ್ಟಲಿನ ಹಿತ್ತಾಳೆ ಮುಚ್ಚಳದ ಮೇಲೆ, ಸೂಜಿಯ ಮೊನೆ ಹೋಗುವಷ್ಟು, ಒಂದು ತೂತು ಕಂಡಿತು.

"ಏನ್ ಸ್ವಾಮಿ ಇದು? ತೂತು ಬಿದ್ದಿದೆ. ಹುಳ ತಿಂದಿರೋ ಬದನೇಕಾಯಿ ಕೊಡ್ತಿದೀರಲ್ಲ. ಅರ್ಧಕ್ಕೆ ಕೊಡಿ."

ಮುದುಕರು ಕನ್ನಡಕದ ಮೇಲಿಂದ ನೋಡಿದರು. "ತೂತಾ? ಅದು ಇರ್ಲೇಬೇಕಲ್ಲ."

"ಅದು ಹೇಗೆ ಸ್ವಾಮಿ? ನಮ್ ಗಾಡೀದು ಹೊಸ ಮುಚ್ಚಳ ಇದ್ದಂಗಿದೆ. ತೂತೇ ಇಲ್ಲ."

"ಇಲ್ವಾ?" ಅವರು ಕೆಳಗಿಟ್ಟಿದ್ದ ಎಣ್ಣೆಯ ಡಬ್ಬಿಯನ್ನು ಎತ್ತಿಕೊಂಡು ತೋರಿಸಿದರು. ಎಣ್ಣೆ ಬಗ್ಗಿಸುವುದಕ್ಕೆ ಒಂದು ತೂತು, ಎದುರಿಗೆ ಇನ್ನೊಂದು. "ಈ ಹಿಂದಿನ ತೂತು ಬೆರಳಲ್ಲಿ ಮುಚ್ಚಿ ಬಗ್ಸಿ ನೋಡಿ. ಎಣ್ಣೆ ಬರುತ್ತಾ? ಗಾಳಿ ಆಡ್ದೆ ಯಾವ್ದೂ ಹರಿಯಲ್ಲ. ಬಟ್ಲಲ್ಲಿ ಪೆಟ್ರೋಲು ಇಳೀಬೇಕು ಅಂದ್ರೆ ಒಳಗಿರೋ ಗಾಳಿ ಆಚೆ ಹೋಗ್ಬೇಕು. ಅದು ಬಟ್ಲಿನ ಮೂಗು. ನಿಮ್ ಗಾಡಿಗೆ ಮೂಗಿಲ್ಲ ಅಂದ್ರೆ ಅದು ಬೆಳಿಗ್ಗೆ ಏಳೋದು ಹೇಗೆ?"

ನಾನು ಅಲ್ಲೇ ಒಂದು ಹಳೇ ಟೈರಿನ ಮೇಲೆ ಕೂತುಬಿಟ್ಟೆ.

ರಾತ್ರಿಯೆಲ್ಲ ನಿಂತಿದ್ದಾಗ ಬಟ್ಟಲಿನ ಪೆಟ್ರೋಲು ಜೆಟ್ಟಿನ ಮೂಲಕ ಸೋರಿ ಆರಿಹೋಗುತ್ತಿತ್ತು. ಹೊಸದು ಇಳಿಯೋಣವೆಂದರೆ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಮೇಸ್ತ್ರಿ ಮುಚ್ಚಳ ತೆಗೆದಾಗೆಲ್ಲ ಬಟ್ಟಲು ತುಂಬುತ್ತಿತ್ತು, ಎಂಜಿನ್ನು ಏಳುತ್ತಿತ್ತು. ಮುಚ್ಚಿದ ಮೇಲೆ ಮತ್ತೆ ಉಸಿರುಕಟ್ಟು. ಚಮಚದ ಪೆಟ್ರೋಲಿಗೆ ಒಮ್ಮೆ ಎದ್ದುಬಿಟ್ಟರೆ ಮುಂದಕ್ಕೆ ಎಂಜಿನ್ನೇ ಎಳೆದುಕೊಳ್ಳುತ್ತಿತ್ತು. ಚಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ತೂತು ಗಂಧ ಕುಂಕುಮದ ಕೆಳಗಿತ್ತು.

ಅದನ್ನು ಅಲ್ಲಿ ಇಡಿಸಿದವನು ನಾನೇ. ಆಯುಧಪೂಜೆಯ ದಿನ ಅಮ್ಮ ಚಕ್ರಗಳಿಗೆ, ಸ್ಟೇರಿಂಗಿಗೆ ಕುಂಕುಮ ಇಟ್ಟು, ಬಾನೆಟ್ಟು ತೆಗೆಸಿ, "ಇದ್ರಲ್ಲಿ ಹಣೆ ಯಾವ್ದೋ?" ಎಂದು ಕೇಳಿದ್ದರು. ಗೊತ್ತಿಲ್ಲ ಎನ್ನುವುದು ನನ್ನ ಬಾಯಿಗೆ ಬಾರದ ಮಾತು. ಎಣ್ಣೆ ಜಿಡ್ಡಿನ ನಡುವೆ ದುಂಡಗೆ ಹೊಳೆಯುತ್ತಿದ್ದ ಆ ಹಿತ್ತಾಳೆ ಮುಚ್ಚಳ ತೋರಿಸಿ, "ಇದೇ ಅಮ್ಮ, ಇದೇ ಮುಖ್ಯ," ಎಂದಿದ್ದೆ. ಆ ಮೇಲೆ ಪ್ರತಿ ಶುಕ್ರವಾರ ಅವರು ಹಳೆಯದರ ಮೇಲೆ ಹೊಸದನ್ನು ಇಡುತ್ತ ಬಂದಿದ್ದರು. ಗಾಡಿ ತೊಂದರೆ ಕೊಟ್ಟಷ್ಟೂ ಗಂಧ ದಪ್ಪವಾಗಿತ್ತು.

ಮುದುಕರಿಂದ ಕಾರ್ಬುರೇಟರು ಕೊಳ್ಳಲಿಲ್ಲ. ಅಷ್ಟು ಹೊತ್ತು ಪಾಠ ಹೇಳಿಸಿಕೊಂಡು ಬರಿಗೈಯಲ್ಲಿ ಬರುವುದು ನ್ಯಾಯವಲ್ಲವೆಂದು ಒಂದು ಜೊತೆ ಹಳೇ ವೈಪರ್ ಕೊಂಡೆ, ಕೇಳಿದ ಬೆಲೆಗೆ. ಜೀವಮಾನದಲ್ಲಿ ಅಂಥ ವ್ಯಾಪಾರ ನಾನು ಮಾಡಿದ್ದು ಅದೊಂದೇ.

ಮನೆಗೆ ಬಂದರೆ ಇನ್ನೊಂದು ಕಷ್ಟ. ಹರಕೆಯ ತಿಂಗಳಲ್ಲಿ ಅಮ್ಮ ಇಟ್ಟ ಕುಂಕುಮವನ್ನು ಅವರಿಗೆ ಹೇಳದೆ ಒರೆಸುವ ಧೈರ್ಯ ನನಗಿರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ. ಕೊನೆಗೆ ಅಡುಗೆಮನೆಯ ಎಣ್ಣೆ ಡಬ್ಬಿ ತಂದು, ಬೆರಳಿಟ್ಟು, ಬಗ್ಗಿಸಿ, ಮುದುಕರು ಹೇಳಿದ್ದನ್ನೆಲ್ಲ ನನ್ನದೇ ಸಂಶೋಧನೆಯಂತೆ ಹೇಳಿದೆ. ಅಮ್ಮ ಕೇಳಿಸಿಕೊಂಡರು.

"ಅಂದ್ರೆ ಅದು ಮೂಗು."

"ಹೌದಮ್ಮ."

"ಮೂಗು ತೋರ್ಸಿ ಹಣೆ ಅಂದ್ಯಲ್ಲೋ! ಯಾರಾದ್ರೂ ಮೂಗಿಗೆ ಗಂಧ ಮೆತ್ತಾರೇನೋ? ಪಾಪ, ಮೂರು ತಿಂಗ್ಳಿಂದ ಉಸಿರು ಕಟ್ಕೊಂಡಿದೆ." ಅವರೇ ಒದ್ದೆ ಬಟ್ಟೆ ತಂದು, "ಶಿವ ಶಿವ, ತಪ್ಪಾಯ್ತಪ್ಪ," ಎಂದು ಕಾರಿಗೇ ಹೇಳುತ್ತ ಒರೆಸಿದರು. ನಾನು ಸೂಜಿಯಿಂದ ತೂತು ಬಿಡಿಸಿದೆ. ಒಳಗೆ ಪೆಟ್ರೋಲು ಗುಳುಗುಳು ಇಳಿಯುವ ಸದ್ದು ಇಬ್ಬರಿಗೂ ಕೇಳಿಸಿತು. ಅಮ್ಮ ಹೊಸ ಕುಂಕುಮವನ್ನು ರೇಡಿಯೇಟರಿನ ಮುಂದೆ, ನನ್ನನ್ನು ಕೇಳದೆ, ತಾವೇ ಯೋಚಿಸಿ ಇಟ್ಟರು.

ಮರುದಿನ ಹೊದಿಕೆಯಿಲ್ಲ, ಹಂಡೆಯ ನೀರಿಲ್ಲ. ಚೋಕ್ ಎಳೆದು ತಿರುಗಿಸಿದೆ. ಎರಡನೇ ಸುತ್ತಿಗೆ ಎದ್ದು ಗುರುಗುಟ್ಟಿತು. ಆ ಸದ್ದು ಕೇಳಲು ಜಟ್ಕಾದವನು ಅಲ್ಲೇ ಬಾಗಿಲಲ್ಲಿದ್ದ.

"ಬನ್ನಿ ಅಮ್ಮ, ಕೂತ್ಕೊಳ್ಳಿ," ಎಂದೆ ಕಾರಿನ ಬಾಗಿಲು ತೆಗೆದು.

ಅಮ್ಮ ಜಟ್ಕಾ ಹತ್ತಿದರು. "ಅವ್ನಿಗೆ ಮಾತು ಕೊಟ್ಟಿದೀನಿ. ಒಂದು ದಿನ ಎದ್ರೆ ಆಯ್ತಾ? ನೀನು ಹಿಂದೆ ಬಾ."

ಹಾಗಾಗಿ ಚಾಮರಾಜಪೇಟೆಯಿಂದ ಮಲ್ಲೇಶ್ವರದ ತನಕ ನಾನು ಖಾಲಿ ಕಾರಿನಲ್ಲಿ ಕುದುರೆಯ ಬಾಲ ನೋಡಿಕೊಂಡು ಹೋದೆ. ಅವನು ನಡುನಡುವೆ ತಿರುಗಿ ಕೈಬೀಸುತ್ತಿದ್ದ. ಗುಡಿಯ ಮುಂದೆ ಇಳಿದು, "ಸಾವ್ಕಾರ್ರೇ, ನಿಮ್ ಕಾರು ನನ್ ಗಾಡಿ ಹಿಂದೆ ಸಾಲಾಗಿ ಬಂತು ಅಂತ ಮಾರ್ಕೆಟ್ಟಲ್ಲೆಲ್ಲಾ ಹೇಳ್ತೀನಿ," ಎಂದ. ಹೇಳಿದ ಕೂಡ. ಆದರೂ ಅವನ ಕೆಲಸ ನಿಯತ್ತಿನದು. ಅಮ್ಮನಿಗೆ ಇಳಿಯಲು ತಾನೇ ಮಣೆ ತಂದಿದ್ದ.

ಉಳಿದ ಏಳು ದಿನ ಅಮ್ಮ ಮತ್ತೆ ಕಾರಿನಲ್ಲೇ ಬಂದರು, ಅದು ಒಂದು ಬೆಳಿಗ್ಗೆಯೂ ಕೈಕೊಡಲಿಲ್ಲ. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಸರಿಯಾಗಿರುವ ಯಂತ್ರದ ಗುಣವೇ ಅದು. ನಿಮಗೆ ಇಂಥ ಗಾಡಿ ಇದ್ದು ಬೆಳಿಗ್ಗೆ ಏಳದಿದ್ದರೆ, ಚಳಿಯನ್ನು ಬೈಯುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಚೆನ್ನಾಗಿದ್ದ ಕಾಲಕ್ಕೂ ಈಗಕ್ಕೂ ನಡುವೆ ನಾನು ಇದಕ್ಕೆ ಏನು ಮಾಡಿದೆ? ಉತ್ತರ ಬಾರದಿದ್ದರೆ ಮನೆಯವರನ್ನು ಕೇಳಿ.

ಮೂವತ್ತನೆಯ ದಿನ ನಾವು ಎಷ್ಟು ಬೇಗ ಹೋದೆವೆಂದರೆ ಗುಡಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಅರ್ಚಕರು ಬಂದು, ಗಂಟೆಯಾಗಿ, ಮಂಗಳಾರತಿ ಎತ್ತಿದಾಗ ಅಮ್ಮ ಎಲ್ಲರಿಗಿಂತ ಮುಂದೆ, ಯಾರ ಭುಜವೂ ಅಡ್ಡವಿಲ್ಲದೆ ನಿಂತಿದ್ದರು. ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡು, ಆ ಬೆಚ್ಚನೆಯ ಕೈಯನ್ನು ಹಿಂದೆ ತಂದು ನನ್ನ ತಲೆಯ ಮೇಲಿಟ್ಟರು. ಮೂವತ್ತೈದು ವರ್ಷ ವಯಸ್ಸಿನ ವ್ಯಾಪಾರಿ, ಮೀಸೆ ಅರ್ಧ ಬೆಳೆದವನು, ಮಗುವಿನಂತೆ ತಲೆ ಬಗ್ಗಿಸಿ ನಿಂತೆ.

ಮೆಣಸಿನ ಹುಗ್ಗಿಯ ದೊನ್ನೆ ಹಿಡಿದು ಕಾರಿಗೆ ಬಂದೆವು. ಹೊರಗೆ ಬೆಳಕು ಹರಿಯುತ್ತಿತ್ತು. ನಾನು ಮನೆಯ ಕಡೆ ತಿರುಗಿಸಲು ಹೋದರೆ ಅಮ್ಮ, "ನಿಧಾನಕ್ಕೆ ಹೋಗೋ. ತಿಂಗ್ಳಿಂದ ದಿನಾ ಈ ಬೀದಿಗೆ ಬರ್ತಿದೀನಿ, ಒಂದು ದಿನಾನೂ ನೋಡಿಲ್ಲ. ಬರೀ ಹೊತ್ತಾಗುತ್ತೆ ಅನ್ನೋದೇ ಆಯ್ತು," ಎಂದರು.

ಸುಮ್ಮನೆ ಪೆಟ್ರೋಲು ಸುಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಅವರ ತವರಿನ ಬೀದಿಯಲ್ಲಿ ಮೇಲಕ್ಕೂ ಕೆಳಕ್ಕೂ ಎರಡು ಸಲ ಓಡಿಸಿದೆ. ಇದು ಅವರು ಕುಂಟಾಬಿಲ್ಲೆ ಆಡಿದ ಕಟ್ಟೆ, ಅದು ಅವರನ್ನು ಬೈದಿದ್ದ ಮಾಸ್ತರರ ಮನೆ. ಅಲ್ಲಿಂದ ಕುಮಾರ ಪಾರ್ಕಿನ ಹೊಸ ಮನೆಗಳನ್ನು ನೋಡಬೇಕೆಂದರು. ಅದನ್ನೂ ಸುತ್ತಿಸಿದೆ. ಅಮ್ಮ ಗಾಜು ಇಳಿಸಿ, ಹುಗ್ಗಿ ತಿನ್ನುತ್ತ, ಯಾರ ಮನೆಯ ಕಿಟಕಿಗೆ ಯಾವ ಬಣ್ಣ ಸರಿಯಿಲ್ಲ ಎಂದು ಹೇಳುತ್ತ ಕೂತಿದ್ದರು. ಎಂಜಿನ್ನು ಸದ್ದಿಲ್ಲದೆ ಓಡುತ್ತಿತ್ತು.

"ಇನ್ನೊಂದು ಸುತ್ತು ಹೋಗೋಣ್ವಾ?" ಎಂದರು.

ನಾನು ಚೌಕಾಶಿ ಮಾಡಲಿಲ್ಲ.